ನಿಲ್ಲಿಸುವವರನ್ನು ಹುಡುಕಿಕೊಂಡು ಹೋದ ಲಾರಿ

ತುಂಗಭದ್ರೆ ಮೈ ತಿರುಗಿಸಿ ಹರಿಯುವಲ್ಲಿ ಎರಡು ಕೋಣೆಯ ಒಂದು ಆಶ್ರಮವಿತ್ತು. ಪಕ್ಕದಲ್ಲೇ ಹೆದ್ದಾರಿ. ಹಾಗಾಗಿ ಅಲ್ಲಿಗೆ ಮೋಕ್ಷ ಕೇಳಿಕೊಂಡು ಬರುವವರಿಗಿಂತ ಕುಡಿಯುವ ನೀರು ಕೇಳಿಕೊಂಡು ಬರುವವರೇ ಹೆಚ್ಚು. ಆಶ್ರಮದ ಹಂಪವ್ವನಿಗೆ ಇಬ್ಬರೂ ಒಂದೇ. ಮೊದಲು ತಂಬಿಗೆ ಕೊಡುತ್ತಿದ್ದಳು, ಮಾತು ಆಮೇಲೆ.

ಮಾರ್ಕಂಡಪ್ಪ ಆಕೆಯ ಶಿಷ್ಯ. ವಯಸ್ಸು ಮೂವತ್ತೆಂಟು. ಮೀಸೆ ದಪ್ಪ, ಸಿಟ್ಟು ಅದಕ್ಕಿಂತ ದಪ್ಪ. ಆರು ಚಕ್ರದ ಸ್ವಂತ ಲಾರಿ ಇಟ್ಟುಕೊಂಡು, ಅಣೆಕಟ್ಟಿನ ಹತ್ತಿರದ ಮೀನುಮರಿ ಕೇಂದ್ರದಿಂದ ದೂರದೂರದ ಕೆರೆಗಳಿಗೆ ಮರಿ ಸಾಗಿಸುತ್ತಿದ್ದ.

ಆ ಬುಧವಾರ ಅವನು ಆಶ್ರಮಕ್ಕೆ ಓಡಿಕೊಂಡೇ ಬಂದ. ಕೈಯಲ್ಲಿ ನೀರು ತುಂಬಿದ ಒಂದು ಪ್ಲಾಸ್ಟಿಕ್ ಚೀಲ.

“ಅವ್ವಾರ, ನನಗೊಂದು ಮಂತ್ರ ಬೇಕು. ಇವತ್ತ ಬೇಕು!”

“ಕೂಡು. ನೀರು ಕುಡಿ.”

“ನೀರು ಬ್ಯಾಡ್ರಿ. ಇಲ್ಲಿ ನೋಡ್ರಿ.”

ಚೀಲದಲ್ಲಿ ಉಗುರಿನುದ್ದದ ಮೀನುಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ.

“ಏನಾತು?”

“ಚೆಕಿಂಗ್ ಆತು! ಒಂದ ದಾರ್ಯಾಗ ಮೂರು ಕಡೆ ನಿಲ್ಲಿಸಿದ್ರು. ಈ ತಿಂಗಳದಾಗ ಹನ್ನೊಂದನೇ ಸಲ. ಟೈರು ತೋರ್ಸು, ಲೈಟು ತೋರ್ಸು, ಕಾಗದ ತೋರ್ಸು. ಒಂದೊಂದು ಕಡೆ ಒಂದೊಂದು ತಾಸು. ಚೀಲದಾಗ ತುಂಬಿದ ಗಾಳಿ ಎಷ್ಟೊತ್ತು ಬರ್ತೈತ್ರಿ? ಬಿಸಲಿಗೆ ನೀರು ಕಾಯ್ತೈತಿ, ಮರಿ ಉಸಿರು ಕಟ್ಟಿ ಸಾಯ್ತಾವ.”

ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

“ಮುಂದಿನ ಶುಕ್ರವಾರ ಬಿಳಿಗುಂಡಿ ಕೆರಿಗೆ ಮರಿ ಒಯ್ಯಬೇಕು ಅವ್ವಾರ. ಅಲ್ಲಿ ಹೆಣ್ಮಕ್ಕಳ ಸಂಘದವರು ಕೆರಿ ಗುತ್ತಿಗಿ ಹಿಡದಾರ. ಹೋದ ವರ್ಷ ನಾ ಒಯ್ದದ್ದರಾಗ ಅರ್ಧ ಸತ್ತಿದ್ವು. ಈ ಸಲಾನೂ ಹಂಗಾದ್ರ ನಿನ್ನ ಗಾಡಿ ಈ ಊರ ಕಡೆ ತಿರುಗೋದು ಬ್ಯಾಡ ಅಂದಾರ ಸಂಘದ ಹುಲಿಗೆಮ್ಮಕ್ಕ. ಅವರು ಬಿಟ್ರ ಉಳಿದ ಕೆರಿಯವರೂ ಬಿಡ್ತಾರ. ಹದಿನಾಲ್ಕು ವರ್ಷ ಮೀನು ಬಿಟ್ಟು ಬ್ಯಾರೆ ಏನೂ ಹೊತ್ತಿಲ್ಲ ನಾನು.”

“ಮಂತ್ರ ಏನು ಮಾಡಬೇಕು?”

“ನನ್ನ ಗಾಡಿ ಬಂದ್ರ ಇನ್‌ಸ್ಪೆಕ್ಟರ್ ಕಣ್ಣು ಅತ್ಲಾಗ ತಿರುಗಬೇಕು. ಅಷ್ಟ.”

ಹಂಪವ್ವ ಚೀಲ ತೆಗೆದುಕೊಂಡು ಹೋಗಿ ಸತ್ತ ಮರಿಗಳನ್ನು ಬಾಳೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದಳು. ಕೈ ತೊಳೆದು ಬಂದು ಕುಳಿತಳು.

“ಇಷ್ಟು ದಿನ ಏನೇನು ಮಾಡಿದಿ?”

ಅಷ್ಟು ಕೇಳಿದ್ದೇ ತಡ, ಮಾರ್ಕಂಡಪ್ಪನ ಮುಖ ಅರಳಿತು. ತನ್ನ ಜಾಣತನ ಹೇಳಿಕೊಳ್ಳಲು ಅವನಿಗೆ ಸಂಕೋಚವೆಂಬುದೇ ಇರಲಿಲ್ಲ.

“ದೊಡ್ಡ ಗಾಡಿ ಹಿಂದ ಮೈಗೆ ಮೈ ಹಚ್ಚಿ ಹೋಗ್ತೀನ್ರಿ. ಜೀಪಿನವರಿಗೆ ಕಾಣಂಗಿಲ್ಲ.”

“ಹೂಂ.”

“ಎದುರಿಂದ ಬರೋ ಡ್ರೈವರು ಲೈಟ್ ಹೊಡದು ಕೈ ಹಿಂಗ ತಿರುವಿದ್ರ, ಮುಂದ ಚೆಕಿಂಗ್ ಐತಿ ಅಂತ. ತಟ್ಟನ ಹಳ್ಳಿ ದಾರಿ ಹಿಡಿತೀನಿ.”

“ಅದೆಷ್ಟು ಸುತ್ತು?”

“ಒಂಬತ್ತು ಕಿಲೋಮೀಟರ್ ರೀ.”

“ಆ ಒಂಬತ್ತು ಕಿಲೋಮೀಟರ್ ಮೀನಿಗೆ ಬಿಸಲು ಹತ್ತಂಗಿಲ್ಲೇನು?”

ಮಾರ್ಕಂಡಪ್ಪ ಕೆಮ್ಮಿ ಮುಂದಿನ ವಿಷಯಕ್ಕೆ ಹೋದ.

“ನಂಬರಿನ ಮ್ಯಾಲೆ ಕೆಸರು ಸಿಡಿದ್ರ ತೊಳೆಯಂಗಿಲ್ಲ. ಇದು ನಾನ ಕಂಡುಹಿಡಿದದ್ದು.”

ಹಂಪವ್ವ ಬಾಯ್ತುಂಬ ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಡಗೋದರಾಗ ಭಾಳ ಶಾಣ್ಯಾ ಅದಿ. ಈಗ ನಾ ಹೇಳಿದಂಗ ಮಾಡು. ನಾಳೆ ಖಾಲಿ ಗಾಡಿ ತಗೊಂಡು ಜೀಪು ನಿಲ್ಲೋ ಜಾಗಕ್ಕ ಹೋಗು. ಅವರು ಕೈ ಮಾಡೋದರಾಗ ನೀನ ನಿಲ್ಲಿಸು. ‘ನನ್ನ ಗಾಡಿ ನೋಡ್ರಿ ಸಾಹೇಬ್ರ’ ಅನ್ನು.”

ಮಾರ್ಕಂಡಪ್ಪ ಕೂತಲ್ಲಿಂದ ಎದ್ದೇಬಿಟ್ಟ.

“ನಾನಾಗೇ ಹೋಗಿ?”

“ನೀನಾಗೇ ಹೋಗಿ.”

“ಯಾರಾದ್ರೂ ಹಂಗ ಮಾಡ್ತಾರೇನ್ರಿ ಅವ್ವಾರ?”

“ಮಂತ್ರ ಕೇಳಿದಿ, ಕೊಟ್ಟೀನಿ. ಎಲ್ಲಾರೂ ಹೇಳೋ ಮಂತ್ರ ಬೇಕಂದ್ರ ಬ್ಯಾರೆ ಕಡೆ ಹೋಗು.”

ತಲೆ ಕೊಡವುತ್ತ ಹೊರಟ ಮಾರ್ಕಂಡಪ್ಪ ಲಾರಿಯ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ತಟ್ಟನೆ ನಿಂತ. ಅವನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಸಿಳ್ಳೆ ಹಾಕುತ್ತ ಗಾಡಿ ಹತ್ತಿದ.

ಅವನಿಗೆ ಹೊಳೆದದ್ದೇನೆಂದು ತಿಳಿಯಬೇಕಾದರೆ ಮದುವೆ ಟೈರಿನ ವಿಷಯ ತಿಳಿದಿರಬೇಕು.

ಮಾರ್ಕಂಡಪ್ಪ, ಅವನ ಗೆಳೆಯ ಇಮಾಮ್‌ಸಾಬ, ಇಮಾಮ್‌ಸಾಬನ ಷಡ್ಡಕ, ಮೂವರದೂ ಒಂದೊಂದು ಲಾರಿ. ಲಾರಿ ರಸ್ತೆಗಿಳಿಯಲು ಯೋಗ್ಯವಾಗಿದೆಯೆಂದು ಕಾಲಕಾಲಕ್ಕೆ ಎಫ್.ಸಿ. ಮಾಡಿಸಬೇಕಲ್ಲ, ಅದಕ್ಕಾಗಿ ಮೂವರೂ ಸೇರಿ ಆರು ಒಳ್ಳೆಯ ಟೈರು ಇಟ್ಟುಕೊಂಡಿದ್ದರು. ಯಾರ ಲಾರಿಗೆ ಎಫ್.ಸಿ.ಯೋ ಅವರು ಹಾಕಿಕೊಂಡು ಹೋಗುವುದು, ಕಾಗದ ಸಿಕ್ಕ ಮೇಲೆ ಬಿಚ್ಚಿ ಇಮಾಮ್‌ಸಾಬನ ಶೆಡ್ಡಿಗೆ ಹಾಕುವುದು. ನೆಂಟರ ಮದುವೆಗೆ ಪಕ್ಕದ ಮನೆಯ ಸೀರೆ ಉಟ್ಟು ಹೋದ ಹಾಗೆ. ಅದಕ್ಕೇ ಆ ಹೆಸರು. ಟೈರಿನ ಜೊತೆಗೆ ಬೆಂಕಿ ಆರಿಸುವ ಒಂದು ಸಿಲಿಂಡರು, ಯಾರೂ ತೆರೆದು ನೋಡದ ಒಂದು ಔಷಧಿ ಪೆಟ್ಟಿಗೆ.

ಇದರಲ್ಲಿ ಮೋಸವಿದೆ ಎಂದು ಮೂವರಲ್ಲಿ ಒಬ್ಬನಿಗೂ ಅನಿಸಿರಲಿಲ್ಲ. ಹಂಚಿಕೊಂಡು ಬಾಳುತ್ತಿದ್ದೇವೆ ಎಂದೇ ತಿಳಿದಿದ್ದರು, ಪಾಪ.

ಮರುದಿನ ಹೆದ್ದಾರಿ ಬದಿಯ ಬೇವಿನ ಮರದ ಕೆಳಗೆ ಚೆಕಿಂಗಿನ ಜೀಪು ನಿಂತಿತ್ತು. ಇನ್‌ಸ್ಪೆಕ್ಟರ್ ಎರ್ರಿಸ್ವಾಮಿ ಒಂದು ಮರಳಿನ ಲಾರಿಯನ್ನು ಕಳಿಸಿ ತಿರುಗುವಷ್ಟರಲ್ಲಿ ಮಾರ್ಕಂಡಪ್ಪನ ಲಾರಿ ಬಂದು ತಾನಾಗಿ ನಿಂತಿತು.

“ಸಾಹೇಬ್ರ, ನನ್ನ ಗಾಡಿ ನೋಡ್ರಿ.”

“ಯಾಕ? ಏನಾಗೈತಿ?”

“ಏನೂ ಆಗಿಲ್ರಿ. ಸುಮ್ನ ನೋಡ್ರಿ.”

ಎರ್ರಿಸ್ವಾಮಿ ಅವನ ಮುಖ ನೋಡಿದರು. ಕುಡಿದಿರಬಹುದೆಂದು ಹತ್ತಿರ ಬಂದು ಮೂಸಿದರು. ವಾಸನೆಯಿರಲಿಲ್ಲ. ಆಮೇಲೆ ಲಾರಿಯ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಒಂದು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಮೇಲಿನ ಹಳೆಯ ಗಾಯವೊಂದನ್ನು ಹೆಬ್ಬೆರಳಿನಿಂದ ಸವರಿದರು.

“ಕಾಣೋ ಮಟ್ಟಿಗೆ ಎಲ್ಲಾ ಸರಿ ಐತಿ. ಹೋಗು.”

ಮಾರ್ಕಂಡಪ್ಪನಿಗೆ ಖುಷಿಯಲ್ಲಿ ನೆಲವೇ ಕಾಣಲಿಲ್ಲ. ಇಮಾಮ್‌ಸಾಬನ ಲಾರಿಗೆ ಮರುದಿನವೇ ಎಫ್.ಸಿ. ಇತ್ತು. ದಾರಿಯಲ್ಲಿ ಅವನ ಶೆಡ್ಡಿಗೆ ಹೋಗಿ ಟೈರು ಬದಲಾಯಿಸಿಕೊಂಡು ನೇರ ಆಶ್ರಮಕ್ಕೆ ಬಂದ.

“ಗೆದ್ದೆ ಅವ್ವಾರ! ಒಂದ ಒಂದು ತಪ್ಪು ಸಿಗಲಿಲ್ಲ!”

“ಗಾಡಿ ತಂದೀಯೇನು?”

“ಹೊರಗ ಐತ್ರಿ.”

ಹಂಪವ್ವ ಹೊರಗೆ ಬಂದಳು. ಮುಂದಿನ ಟೈರಿನ ಮೇಲೆ ಅಂಗೈ ಇಟ್ಟಳು.

“ನುಣ್ಣಗ ಐತಲ್ಲೋ, ನನ್ನ ರುಬ್ಬೋ ಗುಂಡು ಇದ್ದಂಗ. ಸಾಹೇಬ ನೋಡಿದ್ದು ಇದನ್ನೇನು?”

“ಇಲ್ರಿ. ಅವು ಮದುವಿ ಟೈರು.”

ಅವನು ಉತ್ಸಾಹದಿಂದಲೇ ವಿವರಿಸಲು ತೊಡಗಿದ. ಶೆಡ್ಡು, ಸರದಿ, ಸಿಲಿಂಡರು ಎಲ್ಲ ಹೇಳಿದ. ಹೇಳುತ್ತ ಹೋದಂತೆ ಮಾತು ಯಾಕೋ ನಿಧಾನವಾಯಿತು. ಔಷಧಿ ಪೆಟ್ಟಿಗೆಗೆ ಬರುವಷ್ಟರಲ್ಲಿ ನಿಂತೇಹೋಯಿತು.

ಹಂಪವ್ವ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ. ಸೀರೆಯ ನೆರಿಗೆ ಮೇಲೆತ್ತಿ ಕಟ್ಟಿ, ಕಂಬಿ ಹಿಡಿದು, ಎಪ್ಪತ್ತು ದಾಟಿದ ಕಾಲುಗಳಿಂದ ಲಾರಿ ಹತ್ತಿ ಅವನ ಪಕ್ಕದ ಸೀಟಿನಲ್ಲಿ ಕೂತಳು.

“ನಡಿ. ಹೆದ್ದಾರ್ಯಾಗಿನ ಆ ಗುಡ್ಡದ ಇಳಿಜಾರು ಇಳಿಸು.”

“ಈಗ ಯಾಕ್ರಿ ಅವ್ವಾರ?”

“ಗಾಡ್ಯಾಗ ಕುಂದ್ರಬೇಕು ಅನಿಸೈತಿ.”

ಗುರು ಹೇಳಿದ ಮೇಲೆ ಇಲ್ಲವೆನ್ನಲಾದೀತೆ? ಹೊರಟ. ಗುಡ್ಡ ಏರುವಾಗ ಹಂಪವ್ವ ಹೊರಗೆ ನೋಡುತ್ತ ಸಣ್ಣ ಹುಡುಗಿಯ ಹಾಗೆ ಖುಷಿಪಟ್ಟಳು. ನೆತ್ತಿಗೆ ಬಂದಾಗ ದಾರಿ ಕೆಳಗೆ ಬಾಗಿ ಬಾಗಿ ಇಳಿಯುವುದು ಕಾಣಿಸಿತು.

ಮಾರ್ಕಂಡಪ್ಪ ಲಾರಿ ನಿಲ್ಲಿಸಿದ.

“ಯಾಕ ನಿಂತಿ?”

“ಬ್ರೇಕು... ಎರಡು ಸಲ ತುಳದ ಮ್ಯಾಲೆ ಹಿಡಿತೈತ್ರಿ.”

“ನಿನ್ನೆ ಮೊನ್ನೆ ಇದ ದಾರಿ ಇಳದಿಯಲ್ಲ?”

“ಇಳದೀನ್ರಿ. ದಿನಾ ಇಳೀತೀನಿ.”

“ಮತ್ತ ಇಳಿಸು.”

“ನೀವು ಕುಂತೀರಲ್ರಿ ಅವ್ವಾರ!”

ಹಂಪವ್ವ ಅವನ ಕಡೆ ತಿರುಗಲಿಲ್ಲ.

“ದಿನಾ ಇದರಾಗ ಕೂಡಾವಗ ಏನಾದ್ರೂ ಆದ್ರ ನಡೀತೈತೇನು?”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮಾರ್ಕಂಡಪ್ಪನಿಗೆ ಆ ಇಳಿಜಾರು ಕಂಡು ಹೆದರಿಕೆಯಾಯಿತು. ಮನೆಯಲ್ಲಿ ಹೆಂಡತಿ ರೊಟ್ಟಿ ಕಟ್ಟಿ ಕೊಡುವುದು, ಮಗಳು ಬಾಗಿಲ ತನಕ ಬರುವುದು ನೆನಪಾಯಿತು. ಲಾರಿ ತಿರುಗಿಸಿ, ಏರಿ ಬಂದ ಕಡೆಯ ಸಣ್ಣ ಇಳಿಜಾರಿನಲ್ಲೇ ತೆವಳುವ ಹಾಗೆ ಹಿಂದಕ್ಕೆ ಬಂದು ಆಶ್ರಮದ ಮುಂದೆ ನಿಲ್ಲಿಸಿದ. ಉರುಳಬಾರದೆಂದು ಚಕ್ರಕ್ಕೆ ಕಲ್ಲು ಕೊಟ್ಟ.

ಹಂಪವ್ವ ಇಳಿದಳು.

“ಮುಂದಿನ ಶುಕ್ರವಾರ ಬಿಳಿಗುಂಡಿಗೆ ನಾನೂ ಬರ್ತೀನಿ. ಮೀನಿನ ಜೊತಿಗೆ.”

“ಅವ್ವಾರ, ಬ್ಯಾಡ್ರಿ!”

“ಬುತ್ತಿ ಕಟ್ಟಿಕೊಂಡು ಕಾಯ್ತಿರ್ತೀನಿ,” ಎಂದು ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಮಾರ್ಕಂಡಪ್ಪನ ಮನೆಯ ಮುಂದೆ ಸಡಗರವೋ ಸಡಗರ. ಲಾರಿಯ ನೆತ್ತಿಗೆ ಸುತ್ತಿದ್ದ ಬಣ್ಣದ ದೀಪದ ಸರ ಹೋಯಿತು. ಮೂರು ಊರಿಗೆ ಕೇಳಿಸುವ ಹಾಡಿನ ಪೆಟ್ಟಿಗೆ ಹೋಯಿತು. ಎರಡನ್ನೂ ಮಾರಿ, ಹೆಂಡತಿ ಕೂಡಿಟ್ಟದ್ದನ್ನೂ ಸೇರಿಸಿ ಆರು ಟೈರು ತಂದ.

ಮೆಕ್ಯಾನಿಕ್ ಚಕ್ರ ಬಿಚ್ಚಿ ಬ್ರೇಕಿನ ಲೈನರ್ ಹೊರತೆಗೆದು ಅವನ ಅಂಗೈ ಮೇಲಿಟ್ಟ. ಸವೆದು ಹಪ್ಪಳವಾಗಿತ್ತು.

“ಇದನ್ನ ಹಾಕ್ಕೊಂಡು ಗುಡ್ಡ ಇಳೀತಿದ್ದೇನು?” ಎಂದು ಕೇಳಿದ.

ಮಾರ್ಕಂಡಪ್ಪ ಅಲ್ಲೇ ಇದ್ದ ಡಬ್ಬದ ಮೇಲೆ ಕೂತು ಒಂದು ಲೋಟ ನೀರು ಕುಡಿದ.

ಹೊಸ ಲೈನರ್ ಬಂತು. ಹ್ಯಾಂಡ್‌ಬ್ರೇಕ್ ಎಳೆದರೆ ಗಾಡಿ ನಿಂತಲ್ಲೇ ನಿಂತಿತು, ಕಲ್ಲಿನ ಹಂಗಿಲ್ಲದೆ. ಉರಿಯದ ದೀಪ ಉರಿಯಿತು. ಮಗಳು ಸೋಪು ಹಾಕಿ ನಂಬರ್ ಉಜ್ಜಿದಳು. ಕಾಗದಗಳೆಲ್ಲ ಒಂದು ಬಟ್ಟೆಯ ಗಂಟಿಗೆ ಸೇರಿದವು. ಮಾರ್ಕಂಡಪ್ಪ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬ್ರೇಕು ತುಳಿದು ನೋಡುತ್ತಿದ್ದ, ಮೊದಲ ಸಲಕ್ಕೇ ಹಿಡಿಯಿತೆಂದರೆ ತನ್ನಷ್ಟಕ್ಕೆ ತಾನೇ ‘ಭಲೇ’ ಎನ್ನುತ್ತಿದ್ದ.

ಇಮಾಮ್‌ಸಾಬ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಎಫ್.ಸಿ. ಐತೇನೋ?”

“ಇಲ್ಲ.”

“ಗಾಡಿ ಮಾರ್ತೀಯೇನು?”

“ಇಲ್ಲಪ.”

“ಮತ್ಯಾಕ ಇಷ್ಟೆಲ್ಲಾ?”

“ದಿನಾ ಇದರಾಗ ಕೂಡಾವ ನಾನ ಅಲ್ಲೇನು, ಅದಕ್ಕ.”

ಇಮಾಮ್‌ಸಾಬ ಗೆಳೆಯನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದ.

ಬುಧವಾರ ಮಾರ್ಕಂಡಪ್ಪ ಮತ್ತೆ ಬೇವಿನ ಮರದ ಹತ್ತಿರ ಹೋದ. ಈ ಸಲ ಯಾರೂ ಹೇಳಿ ಕಳಿಸಿರಲಿಲ್ಲ.

“ಸಾಹೇಬ್ರ, ಇನ್ನೊಮ್ಮೆ ನೋಡ್ರಿ. ಹೋದ ಸಲ ಸರಿಯಾಗಿ ನೋಡಿದಂಗ ಆಗಿಲ್ಲ.”

ಎರ್ರಿಸ್ವಾಮಿ ಟೋಪಿ ತೆಗೆದು ಜೀಪಿನ ಮೇಲಿಟ್ಟರು. ಟಾರ್ಚ್ ಹಿಡಿದು ಲಾರಿಯ ಕೆಳಗೆ ನುಸುಳಿದರು. ಬ್ರೇಕು ತುಳಿಸಿದರು, ಬಿಡಿಸಿದರು, ಮತ್ತೆ ತುಳಿಸಿದರು. ಆರೂ ಟೈರು ಮುಟ್ಟಿದರು. ಹಿಂದಿನ ಎಡಗಡೆಯ ದೀಪದ ವೈರು ಸಡಿಲವಾಗಿತ್ತು. ಮಾರ್ಕಂಡಪ್ಪ ಅಲ್ಲೇ ಕೂತು ಬಿಗಿ ಮಾಡಿದ.

“ಇವು ನಿನ್ನ ಟೈರೇನು?”

“ನನ್ನವ ರೀ.”

“ಹೋದ ವಾರದ್ದು?”

ಮಾರ್ಕಂಡಪ್ಪ ನೆಲ ನೋಡಿದ.

“ಆ ಗಾಯದ ಟೈರು ನನಗ ನಾಕು ವರ್ಷದ ಪರಿಚಯ,” ಎಂದರು ಎರ್ರಿಸ್ವಾಮಿ. “ಮೂರು ಗಾಡಿ ಮ್ಯಾಲೆ ಕಂಡೀನಿ. ಅದರ ಕ್ಷೇಮಸಮಾಚಾರ ಕೇಳಬೇಕು ಅಂತಿದ್ದೆ, ನೀನ ಬಂದಿ.”

ಮಾರ್ಕಂಡಪ್ಪನಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು. ಹದಿನಾಲ್ಕು ವರ್ಷ ಕೇಳದೆ ಉಳಿದ ಮಾತು ಬಾಯಿಗೆ ಬಂದೇಬಿಟ್ಟಿತು.

“ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೂರು ಗಾಡಿ ಹೋಗ್ತಾವ. ನನ್ನನ್ನ ಯಾಕ ನಿಲ್ಲಿಸ್ತೀರಿ?”

“ನಿನ್ನನ್ನ ನಿಲ್ಲಿಸಬೇಕು ಅಂತ ನನಗೇನು ಹರಕಿ ಐತೇನು? ಒಂದು ಗಾಡಿ ಬರ್ತೈತಿ. ಒಂದು ದೀಪ ಉರಿಯಂಗಿಲ್ಲ. ನಂಬರ್ ಮ್ಯಾಲೆ ಕೆಸರು. ಮುಂದಿನ ಗಾಡಿ ಬಾಲ ಹಿಡಕೊಂಡು ಬರ್ತೈತಿ. ನನ್ನ ಜೀಪು ಕಂಡ ಕೂಡಲೇ ಹಳ್ಳಿ ಕಡೆ ಹೊಳ್ಳತೈತಿ. ನನ್ನ ಜಾಗದಾಗ ನೀ ಇದ್ರ ಏನು ಮಾಡ್ತಿ?”

ಮಾರ್ಕಂಡಪ್ಪ ಯೋಚಿಸಲೇ ಇಲ್ಲ.

“ನಿಲ್ಲಿಸ್ತೀನ್ರಿ. ಇಳಿಸಿ ಪೂರಾ ಜಾಲಾಡ್ತೀನಿ.”

ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

“ಹಳ್ಳಿ ದಾರಿ ಕೊನಿಗೆ ನಮ್ಮ ಇನ್ನೊಂದು ಜೀಪು ಇರ್ತೈತಿ,” ಎಂದು ಎರ್ರಿಸ್ವಾಮಿ ಟೋಪಿ ಹಾಕಿಕೊಂಡರು. “ಈಗ ಹೇಳಿದ್ರ ತೊಂದ್ರಿಲ್ಲ.”

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಕೇಂದ್ರದಲ್ಲಿ ಮರಿ ಎಣಿಸಿ ತುಂಬಿದರು. ಗಾಳಿ ತುಂಬಿ ಉಬ್ಬಿದ ಮುನ್ನೂರು ಚೀಲ. ಮೇಲೆ ಒದ್ದೆ ಗೋಣಿತಟ್ಟು. ಒಂದೊಂದು ಚೀಲದೊಳಗೂ ಬೆಳ್ಳಿಯ ಚೂರುಗಳು ಅತ್ತಿತ್ತ ಹಾರಾಡುತ್ತಿದ್ದವು.

ಹಂಪವ್ವ ಬುತ್ತಿಗಂಟು ಹಿಡಿದು ರಸ್ತೆಯ ಬದಿಗೆ ನಿಂತಿದ್ದಳು. ಹತ್ತಿ ಕೂತಳು. ಟೈರು ಮುಟ್ಟಲಿಲ್ಲ, ಏನೂ ಕೇಳಲಿಲ್ಲ.

ಲಾರಿ ಹೊರಟಿತು.

ಅರ್ಧ ತಾಸಿಗೆ ಎದುರಿನಿಂದ ಬಂದ ಲಾರಿಯೊಂದು ಎರಡು ಸಲ ಲೈಟ್ ಹೊಡೆಯಿತು. ಅದರ ಡ್ರೈವರು ಕೈ ಹೊರಗೆ ಹಾಕಿ ಗಾಳಿಯಲ್ಲಿ ಒಂದು ಸುತ್ತು ತಿರುವಿದ.

ಎಡಗಡೆಗೆ ಹಳ್ಳಿಯ ದಾರಿ. ಮಾರ್ಕಂಡಪ್ಪನ ಕೈ ತಾನಾಗಿಯೇ ಎಡಕ್ಕೆ ಎಳೆಯಿತು. ಹದಿನಾಲ್ಕು ವರ್ಷದ ರೂಢಿ ಒಂದು ವಾರದಲ್ಲಿ ಎಲ್ಲಿ ಹೋದೀತು? ಮುಂದೆ ಒಂದು ಭಾರೀ ಲಾರಿಯೂ ಹೋಗುತ್ತಿತ್ತು. ಅದರ ನೆರಳು ಹಿಡಿದುಬಿಡೋಣ ಅನಿಸಿತು.

ಹಂಪವ್ವ ಹೊರಗೆ ಹೊಲ ನೋಡುತ್ತಿದ್ದಳು.

ಅವನು ಹಲ್ಲು ಕಚ್ಚಿ ಕೈ ನೇರ ಮಾಡಿದ. ಮುಂದಿನ ಲಾರಿಗೆ ದೂರ ಬಿಟ್ಟು, ನಡುಬಿಸಿಲಿನಲ್ಲಿ ಒಬ್ಬನೇ ನಡೆದು ಬರುವವನ ಹಾಗೆ ಎಲ್ಲರಿಗೂ ಕಾಣುವಂತೆ ಹೋದ.

ಬೇವಿನ ಮರ ಬಂತು. ಜೀಪು. ಎರ್ರಿಸ್ವಾಮಿ ಮುಂದಿನ ಲಾರಿಗೆ ಕೈ ಅಡ್ಡ ಮಾಡಿ ಬದಿಗೆ ತೆಗೆಸಿದರು. ಮಾರ್ಕಂಡಪ್ಪನ ಲಾರಿ ಕಂಡಿತು. ನೋಡಿದರು. ಕೈಯೆತ್ತಿ, ಹೋಗು ಹೋಗು ಎಂದು ಬೀಸಿದರು.

ಮಾರ್ಕಂಡಪ್ಪ ನಂಬಲಿಲ್ಲ. ಮರದ ಪಕ್ಕಕ್ಕೆ ಬಂದು ಲಾರಿ ನಿಲ್ಲಿಸಿಯೇಬಿಟ್ಟ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

“ಸಾಹೇಬ್ರ, ಎಲ್ಲಾ ಸರಿ ಐತಿ, ನೋಡ್ರಲಾ!”

“ಗೊತ್ತೈತಿ, ಹೋಗೋ ಮಾರಾಯ!”

“ಆ ವೈರನ್ನಾದ್ರೂ ಒಂದು ಸಲ...”

“ಏ ಮಾರ್ಕಂಡಾ,” ಎಂದಳು ಹಂಪವ್ವ ಒಳಗಿನಿಂದ. “ಮೀನು ಕಾಯಾಕ ಹತ್ಯಾವ. ಮೆರವಣಿಗಿ ಆಮ್ಯಾಲೆ ಮಾಡುವಂತಿ. ನಡಿ.”

ನಾಲಿಗೆ ಕಚ್ಚಿಕೊಂಡು ಗಾಡಿ ಎತ್ತಿದ. ಆದರೂ ಖುಷಿ ತಡೆಯಲಾಗಲಿಲ್ಲ. ಗುಡ್ಡದ ನೆತ್ತಿ ಮುಟ್ಟುವ ತನಕ ತೊಡೆ ತಟ್ಟಿಕೊಂಡು ಹಾಡಿದ. ಹಳ್ಳಿಯ ದಾರಿ ಮತ್ತೆ ಬಂದು ಸೇರುವಲ್ಲಿ ಇನ್ನೊಂದು ಜೀಪು ಕಂಡಿತು, ಅದರೊಳಗಿದ್ದವರು ತಲೆ ಎತ್ತಿ ನೋಡಿ ತಮ್ಮ ಚಹಾಕ್ಕೆ ಮರಳಿದರು. ಮಾರ್ಕಂಡಪ್ಪ ಇನ್ನೂ ಜೋರಾಗಿ ಹಾಡಿದ.

ಇಳಿಜಾರು ಶುರುವಾಯಿತು. ಅವನು ಹಾಡು ನಿಲ್ಲಿಸಿ ಗೇರು ಇಳಿಸಿದ. ಮೊದಲ ತಿರುವು, ಎರಡನೆಯ ತಿರುವು.

ಮೂರನೆಯ ತಿರುವು ದಾಟಿದರೆ ರಸ್ತೆಯ ತುಂಬ ಕುರಿ.

ನೂರಾರು ಕುರಿ, ಎಡದ ಗುಡ್ಡದಿಂದ ಇಳಿದು ಬಲದ ಹೊಲಕ್ಕೆ ದಾಟುತ್ತಿದ್ದವು. ನಡುವೆ ಕಂಬಳಿ ಹೊದ್ದ ಒಬ್ಬ ಮುದುಕ, ಒಂದು ಮರಿಯನ್ನು ಎತ್ತಿಕೊಳ್ಳಲು ಬಗ್ಗಿದ್ದ. ಅವನ ಬೆನ್ನು ಲಾರಿಯ ಕಡೆಗಿತ್ತು.

ಮಾರ್ಕಂಡಪ್ಪನ ಕಾಲು ಬ್ರೇಕಿನ ಮೇಲೆ ಬಿತ್ತು. ಒಂದೇ ಸಲ.

ಲಾರಿ ಕಿರುಚಿತು. ಹಿಂದೆ ಮುನ್ನೂರು ಚೀಲಗಳ ನೀರು ಒಟ್ಟಿಗೆ ಮುಂದಕ್ಕೆ ತುಳುಕಿದ ಸದ್ದು ಕೇಳಿತು. ಹಂಪವ್ವ ಎರಡೂ ಕೈಯಿಂದ ಮುಂದಿನ ಕಂಬಿ ಹಿಡಿದಳು.

ಲಾರಿ ನಿಂತಿತು.

ಮುದುಕನ ಕಂಬಳಿಗೂ ಲಾರಿಗೂ ಮಧ್ಯೆ ಒಂದು ಮೊಳ ಜಾಗವಿತ್ತು. ಅವನು ಮರಿಯನ್ನು ಹೆಗಲಿಗೇರಿಸಿಕೊಂಡು ತಿರುಗಿದ. ಲಾರಿ ನೋಡಿದ. ರಸ್ತೆಯ ಮೇಲೆ ಗಾಡಿಗಳು ಇರುವುದೇ ನಿಲ್ಲುವುದಕ್ಕೆ ಎನ್ನುವ ಹಾಗೆ ಆರಾಮಾಗಿ ದಾಟಿ ಹೋದ. ಅವನ ಹಿಂದೆ ಕುರಿಗಳೂ ಹೋದವು.

ಮಾರ್ಕಂಡಪ್ಪನ ಕಾಲು ಬ್ರೇಕು ಬಿಡಲಿಲ್ಲ.

“ಅವ್ವಾರ, ಇದು ಹೋದ ಶುಕ್ರವಾರ ಆಗಿದ್ರ...”

ಹಂಪವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಎಳೆ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಳುವಷ್ಟು ಅತ್ತ ಮೇಲೆ ಆಕೆ ಕೈ ತೆಗೆದಳು.

“ಚೀಲ ಒಡದಾವೇನು ನೋಡಿ ಬಾ.”

ಇಳಿದು ಹೋಗಿ ಗೋಣಿತಟ್ಟು ಸರಿಸಿದ. ಎರಡು ಚೀಲ ಸೋರುತ್ತಿದ್ದವು. ಅವುಗಳ ಬಾಯಿ ಬಿಗಿದು ಕಟ್ಟಿ, ತಟ್ಟಿಗೆ ನೀರು ಚಿಮುಕಿಸಿ ಬಂದ.

ಬಿಳಿಗುಂಡಿ ಕೆರೆಯ ದಂಡೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಸಂಘದ ಹಿರಿಯಳು ಹುಲಿಗೆಮ್ಮ ಮೊಳಕಾಲುದ್ದ ನೀರಿಗಿಳಿದು, ಸೊಂಟಕ್ಕೆ ಸೆರಗು ಬಿಗಿದು ಕಾಯುತ್ತಿದ್ದಳು. ಮಾರ್ಕಂಡಪ್ಪನ ಮುಖ ನೋಡಲಿಲ್ಲ.

“ಮೊದಲು ಮರಿ ತೋರ್ಸು.”

ಕೈಯಿಂದ ಕೈಗೆ ಚೀಲಗಳು ಇಳಿದವು. ಚೀಲದ ನೀರು ಕೆರೆಯ ನೀರಿಗೆ ಹೊಂದಿಕೊಳ್ಳಲಿ ಎಂದು ಕಟ್ಟಿದ ಬಾಯಲ್ಲೇ ಒಂದಷ್ಟು ಹೊತ್ತು ತೇಲಬಿಟ್ಟರು. ಮಾರ್ಕಂಡಪ್ಪನಿಗೆ ಆ ಕಾಯುವಿಕೆ ಹನ್ನೊಂದು ಚೆಕಿಂಗಿಗಿಂತ ಉದ್ದವಾಯಿತು.

ಹುಲಿಗೆಮ್ಮ ಮೊದಲ ಚೀಲದ ಗಂಟು ಬಿಚ್ಚಿ ನೀರಿಗೆ ಓರೆ ಮಾಡಿದಳು.

ಮರಿಗಳು ಹೊರಗೆ ಚಿಮ್ಮಿದವು. ಒಂದು ಕ್ಷಣ ಆಕೆಯ ಕಾಲ ಸುತ್ತ ಮಿಂಚಿ, ಕೆರೆಯೊಳಗೆ ಮಾಯವಾದವು. ಎರಡನೆಯ ಚೀಲ. ಮೂರನೆಯದು. ಹೆಣ್ಣುಮಕ್ಕಳೆಲ್ಲ ಹೋ ಎಂದು ನೀರಿಗೆ ಇಳಿದರು. ಕಟ್ಟಕಡೆಗೆ ಸತ್ತ ಮರಿಗಳನ್ನು ಒಟ್ಟು ಮಾಡಿದರೆ ಹುಲಿಗೆಮ್ಮನ ಒಂದು ಬೊಗಸೆಯೂ ತುಂಬಲಿಲ್ಲ.

ಆಗ ಆಕೆ ಅವನ ಮುಖ ನೋಡಿದಳು.

“ಬರೋ ವರ್ಷಾನೂ ನೀನ ತರಬೇಕು ನೋಡಪ.”

ಮಾರ್ಕಂಡಪ್ಪನಿಗೆ ಕುಣಿಯುವುದೊಂದು ಬಾಕಿ.

“ಅಲ್ಲೋ, ಊಟದ ಹೊತ್ತಿನೊಳಗ ಬಂದಿಯಲ್ಲ!” ಎಂದಳು ಹುಲಿಗೆಮ್ಮ. “ದಾರ್ಯಾಗ ಯಾರೂ ನಿಲ್ಲಿಸಲಿಲ್ಲೇನು?”

“ಯಾರಂದ್ರ ಯಾರೂ ನಿಲ್ಲಿಸಲಿಲ್ಲ ಅಕ್ಕಾರ!” ಎಂದು ಅವನು ದಂಡೆಗೆಲ್ಲ ಕೇಳುವ ಹಾಗೆ ಕೂಗಿದ.

ಹಂಪವ್ವ ಕೆರೆಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದಳು.

“ಸುಳ್ಳು ಹೇಳಬ್ಯಾಡ ಮಾರ್ಕಂಡಾ,” ಎಂದಳು. “ಕುರಿ ನಿಲ್ಲಿಸಿದ್ವು. ನೀ ನಿಂತಿ.”